ಭಾಗವಹಿಸುವಿಕೆ ಸಭೆಯಲ್ಲಿ ಜನರು ನಿಜವಾಗಿಯೂ ಭಾಗವಹಿಸಿದ ಬಗ್ಗೆ

ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ
ಆಡಳಿತ ಶಾಖೆ, ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಅಸಂಕೇಂ/ಆಡಳಿತ/ಸ್ಥಳೀಯ ಭಾಷೆ/ನಿಯಂತ್ರಣ/ತಿದ್ದುಪಡಿಯ ತಿದ್ದುಪಡಿ

ವಿಷಯ: ಸಂಶೋಧನಾ ಕಾರ್ಯದಲ್ಲಿ ಸ್ಥಳೀಯ ಭಾಷೆಯನ್ನು ಜನರಿಗೆ ಅರ್ಥವಾಗುವಂತೆ ಬಳಸಿರುವ ಗಂಭೀರ ಲೋಪ ಹಾಗೂ ಅದನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
(ಅ) ‘ಸ್ಥಳೀಯ ಭಾಷೆಗಳಿಗೆ ಗೌರವ’ ಎಂಬ ದಾನಿ ಸಂಸ್ಥೆಯ ಮಾರ್ಗಸೂಚಿ (ಹೊರದೇಶದ ಭಾಷೆಯಲ್ಲಿ ಮಾತ್ರ ಲಭ್ಯ).
(ಆ) ಬಟ್ಟೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ನಡೆದ ಫಲಿತಾಂಶ ಹಂಚಿಕೆ ಸಭೆ ಮತ್ತು ಅದರ ಪರಿಣಾಮ.
(ಇ) ಸಹಿದಾರರ ಸೊಸೆಯವರು ಅಡುಗೆಮನೆಯಿಂದ ಸಲ್ಲಿಸಿದ ಮೌಖಿಕ ಮನವಿ.

ಈ ಕೇಂದ್ರದ ಸಮಸ್ತ ಸಿಬ್ಬಂದಿಯ, ಅಂದರೆ ಇದನ್ನು ಓದುವವರ ಹಾಗೂ ಓದದೆಯೇ ಓದಿದಂತೆ ಸಹಿ ಹಾಕುವವರ, ಗಮನಕ್ಕೆ ತರಲಾಗುವುದೇನೆಂದರೆ:

ಬಟ್ಟೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ದಾನಿ ಸಂಸ್ಥೆಯ ನೆರವಿನಿಂದ ಚಿಕ್ಕ ಮಕ್ಕಳಿಗಾಗಿ ಹಗಲು ಆರೈಕೆ ಕೇಂದ್ರವೊಂದು ನಡೆಯುತ್ತಿದ್ದು, ಅದನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬುದನ್ನು ಅಧ್ಯಯನ ಮಾಡುವ ಹೊಣೆ ನಮ್ಮ ಕೇಂದ್ರಕ್ಕೆ ವಹಿಸಲ್ಪಟ್ಟಿತ್ತು. ಹೊರದೇಶದಿಂದ ಬಂದ ಪ್ರಶ್ನೆಯನ್ನು ನಮ್ಮ ಅನುವಾದ ಶಾಖೆಯು ಸ್ಥಳೀಯ ಭಾಷೆಗೆ ತಂದಿತು. ಪ್ರಶ್ನೆ ಹೀಗಿತ್ತು: ‘ತಾವು ತಮ್ಮ ಕುಟುಂಬದ ಶಾಲಾಪೂರ್ವ ವಯೋಮಾನದ ಸದಸ್ಯರನ್ನು ಸಮುದಾಯಾಧಾರಿತ ಹಗಲು ಆರೈಕೆ ಕೇಂದ್ರದ ಸೇವಾವ್ಯಾಪ್ತಿಗೆ ಒಳಪಡಿಸಿರುವಿರಾ?’

ಬೀದಿಯ ಮನೆಮನೆಗೂ ಹೋಗಿ ಇದನ್ನು ಕೇಳಲಾಯಿತು. ಎಲ್ಲರೂ ‘ಇಲ್ಲ’ ಎಂದರು. ಕಾರ್ಖಾನೆಯ ಒಬ್ಬ ಹೊಲಿಗೆಯವರು ‘ಅಯ್ಯೋ, ನಮ್ಮ ಮಗು ಯಾವುದಕ್ಕೂ ಒಳಪಟ್ಟಿಲ್ಲಪ್ಪ, ದೇವರ ದಯೆಯಿಂದ ಚೆನ್ನಾಗಿದೆ’ ಎಂದು ತಿಳಿಸಿ ಬಾಗಿಲು ಹಾಕಿಕೊಂಡರು. ಬಳಕೆ ಶೂನ್ಯವೆಂದು ತೀರ್ಮಾನಿಸಲಾಯಿತು. ಶೂನ್ಯವಿದ್ದಲ್ಲಿ ಮುಚ್ಚಬಹುದೆಂದು ಶಿಫಾರಸು ಮಾಡಲಾಯಿತು. ಕೇಂದ್ರಕ್ಕೆ ಬೀಗ ಹಾಕಿ ಕೀಲಿಕೈಯನ್ನು ತರಿಸಿಕೊಂಡು ಆಡಳಿತ ಶಾಖೆಯ ಡ್ರಾಯರಿನಲ್ಲಿ ಇರಿಸಿಕೊಳ್ಳಲು ಆದೇಶವನ್ನೂ ಹೊರಡಿಸಲಾಯಿತು. ಎಲ್ಲವೂ ನಿಯಮಾನುಸಾರವೇ ಆಗಿರುತ್ತದೆ.

ವಾಸ್ತವಾಂಶವೇನೆಂದರೆ, ಬೀದಿಯ ಮಕ್ಕಳೆಲ್ಲ ಬೆಳಗಾದರೆ ಆ ಕೇಂದ್ರದಲ್ಲೇ ಇರುತ್ತಿದ್ದರು. ಆದರೆ ಅದನ್ನು ಯಾರೂ ಹಗಲು ಆರೈಕೆ ಕೇಂದ್ರ ಎನ್ನುತ್ತಿರಲಿಲ್ಲ. ನಡೆಸುವವರು ಒಬ್ಬ ವಯಸ್ಸಾದ ಹೆಂಗಸಾದ್ದರಿಂದ ಎಲ್ಲರ ಬಾಯಲ್ಲೂ ಅದು ‘ಅಜ್ಜಿ ಮನೆ’. ಕಾರ್ಖಾನೆಯ ಗೇಟು ಒಮ್ಮೆ ಮುಚ್ಚಿದರೆ ತಡವಾಗಿ ಬಂದವರಿಗೆ ಅಂದಿನ ಕೆಲಸವಿಲ್ಲ. ಮಗುವನ್ನು ಬಿಡಲು ಅಜ್ಜಿ ಮನೆ ಇಲ್ಲದಿದ್ದರೆ ಆ ತಾಯಂದಿರಿಗೆ ಕೆಲಸವೇ ಇಲ್ಲ. ಈ ಅಂಶವು ಪ್ರಶ್ನಾವಳಿಯಲ್ಲಿ ಕೇಳಲ್ಪಡದಿದ್ದುದರಿಂದ ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ಹೀಗಿರುವಾಗ, ಫಲಿತಾಂಶವನ್ನು ಜನರಿಗೆ ಅವರದೇ ಭಾಷೆಯಲ್ಲಿ ತಿಳಿಸಬೇಕೆಂಬ ದಾನಿ ಸಂಸ್ಥೆಯ ಷರತ್ತಿನಂತೆ ‘ಭಾಗವಹಿಸುವಿಕೆ ಸಭೆ’ ಕರೆಯಲಾಯಿತು. ಹೊರದೇಶದ ಪ್ರಧಾನ ಸಂಶೋಧಕರು ತಮ್ಮ ಭಾಷೆಯಲ್ಲಿ, ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸುತ್ತಾ, ವಿವರವಾಗಿ ಮಾತನಾಡಿದರು. ಭಾಷಾ ಸಹಾಯಕಿಯವರು ಅದನ್ನು ಸ್ಥಳೀಯ ಭಾಷೆಗೆ ತರಬೇಕಿತ್ತು. ಇದುವರೆಗಿನ ಸಭೆಗಳಲ್ಲಿ ಸದರಿಯವರು ‘ಎಲ್ಲಾ ಚೆನ್ನಾಗಿದೆಯಂತೆ, ಇನ್ನೂ ಚೆನ್ನಾಗಿ ಆಗ್ಬೇಕಂತೆ, ಕೊನೇಲಿ ಟೀ ಇದೆ’ ಎಂದು ಅನುವಾದಿಸುತ್ತಿದ್ದು, ಅದು ಎಲ್ಲ ವಿಷಯಗಳಿಗೂ ಸಮರ್ಪಕವಾಗಿ ಹೊಂದುತ್ತಿತ್ತು. ಅಂದು ಮಾತ್ರ ಪರದೆಯ ಮೇಲೆ ಕಂಬವೇ ಇಲ್ಲದ ಜಾಗವನ್ನೂ ಅದರಡಿಯಲ್ಲಿದ್ದ ಆರೈಕೆ ಕೇಂದ್ರದ ಫೋಟೋವನ್ನೂ ದಿಟ್ಟಿಸಿ ನೋಡಿ, ಬೀದಿಯಲ್ಲಿ ‘ಮೈಕಕ್ಕ’ ಎಂದು ಹೆಸರಾದ ತಮ್ಮ ಕಂಠದಲ್ಲಿ ಸದರಿಯವರು ಕೂಗಿರುತ್ತಾರೆ: ‘ಏನ್ರೇ, ಅಜ್ಜಿ ಮನೆ ಮುಚ್ತಾರಂತೆ ಕಣ್ರೇ! ಅಲ್ಲಿ ಯಾರೂ ಮಕ್ಕಳನ್ನೇ ಬಿಡಲ್ವಂತೆ!’

ಪರಿಣಾಮವಾಗಿ ಭಾಗವಹಿಸುವಿಕೆ ಸಭೆಯಲ್ಲಿ ಜನರು ಭಾಗವಹಿಸಿದರು. ನಮ್ಮ ಕೇಂದ್ರದ ಇತಿಹಾಸದಲ್ಲಿ ಇದು ಮೊದಲು. ಕುರ್ಚಿಗಳು ಖಾಲಿಯಾದವು, ಟೀ ಆರಿತು. ಮೇಲೆ ಹೇಳಿದ ಹೊಲಿಗೆಯವರು ಪ್ರಧಾನ ಸಂಶೋಧಕರ ಎದುರು ನಿಂತು, ‘ಯಾರೂ ಬಿಡಲ್ವಾ? ಹಾಗಾದ್ರೆ ನನ್ನ ಮಗು ದಿನಾ ಎಲ್ಲಿಗ್ ಹೋಗ್ತಿದೆ ಸಾರ್, ನಿಮ್ಮ ಆಫೀಸಿಗಾ?’ ಎಂದು ಕೇಳಿದರು. ಇದು ಬರೀ ಪ್ರಶ್ನೆಯೆಂದು ನಾವು ಭಾವಿಸಿದೆವು. ಅಂದು ಸಂಜೆ ಆದೇಶದಂತೆ ಅಜ್ಜಿ ಮನೆಗೆ ಬೀಗ ಬಿತ್ತು. ಮಾರನೆಯ ಬೆಳಿಗ್ಗೆ ಬೀದಿಯ ತಾಯಂದಿರೆಲ್ಲ ಮಕ್ಕಳನ್ನು ತಂದು ನಮ್ಮ ಆಫೀಸಿನಲ್ಲಿ ಬಿಟ್ಟು ಕಾರ್ಖಾನೆಗೆ ಹೋದರು. ಅಂದಿನಿಂದ ದಿನವೂ ಬಿಡುತ್ತಿದ್ದಾರೆ.

ಇಂತಹ ಘಟನೆ ಮರುಕಳಿಸಬಾರದಾದ್ದರಿಂದ ಈ ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

1. ಸ್ಥಳೀಯ ಭಾಷೆಯನ್ನು ನಮಸ್ಕಾರ ಹೇಳಲು, ಧನ್ಯವಾದ ಹೇಳಲು ಹಾಗೂ ನಾಯಿ ಕಚ್ಚುತ್ತದೆಯೇ ಎಂದು ವಿಚಾರಿಸಲು ಮಾತ್ರ ಬಳಸತಕ್ಕದ್ದು. ಇದಕ್ಕೂ ಹೆಚ್ಚಿನ ಗೌರವವನ್ನು ಸ್ಥಳೀಯ ಭಾಷೆಗೆ ಕೊಡಬೇಕಿದ್ದಲ್ಲಿ ವಾರ್ಷಿಕ ವರದಿಯ ಮುಖಪುಟದಲ್ಲಿ ಅದರ ಒಂದು ಅಕ್ಷರವನ್ನು ದೊಡ್ಡದಾಗಿ ಮುದ್ರಿಸಲಾಗುವುದು.

2. ಪ್ರಶ್ನೆಯನ್ನು ಅಚ್ಚಾದಂತೆಯೇ ಓದತಕ್ಕದ್ದು. ಉತ್ತರದಾತರು ತಲೆಯಾಡಿಸುವುದು, ಹುಬ್ಬೇರಿಸುವುದು, ‘ಓ, ಅದಾ!’ ಎನ್ನುವುದು ಮುಂತಾದ ಅರ್ಥವಾದ ಲಕ್ಷಣಗಳನ್ನು ತೋರಿದರೆ ಕೂಡಲೇ ನಿಲ್ಲಿಸಿ, ಲಕ್ಷಣಗಳು ಶಮನವಾಗುವವರೆಗೆ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದತಕ್ಕದ್ದು.

ಈ ನಿಯಮವು ಹೊಸದಲ್ಲ. ಭಾಷಾ ಸಹಾಯಕಿಯವರು ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದರೆಂದರೆ, ತಮ್ಮ ಸ್ವಂತ ಮಗಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಬಂದು, ಇಡೀ ಬೀದಿಗೆ ಇದೇ ಪ್ರಶ್ನೆ ಓದಿ, ಇಡೀ ಬೀದಿಯ ‘ಇಲ್ಲ’ವನ್ನು ತಾವೇ ಗುರುತು ಹಾಕಿಕೊಂಡಿರುತ್ತಾರೆ. ವಿಚಾರಣೆಯಲ್ಲಿ ಸದರಿಯವರು ನೀಡಿದ ಹೇಳಿಕೆ: ‘ನಂಗೂ ಹೊಳೀಲಿಲ್ಲ ಸಾರ್. ಇನ್ಯಾವುದೋ ದೊಡ್ಡ ಆಸ್ಪತ್ರೆ ವಿಷಯ ಕೇಳ್ತಿದೀರೇನೋ ಅಂದ್ಕೊಂಡೆ.’ ಇದೇ ಪ್ರಶ್ನೆಯನ್ನು ಸಹಿದಾರರ ಮನೆಯಲ್ಲೂ ಕೇಳಲಾಗಿದ್ದು, ಆಸ್ಪತ್ರೆಯಲ್ಲಿ ದಾದಿಯಾಗಿರುವ ಸಹಿದಾರರ ಸೊಸೆಯವರು, ಸಹಿದಾರರ ಮೊಮ್ಮಗನನ್ನು ಅದೇ ತಾನೇ ಅಜ್ಜಿ ಮನೆಗೆ ಬಿಟ್ಟು ಬಂದು, ‘ಅಂಥದ್ದೇನೂ ಗೊತ್ತಿಲ್ಲ’ ಎಂದು ಉತ್ತರಿಸಿದ್ದಾರೆ. ಸಹಿದಾರರು ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರು. ಅವರಿಗೂ ಹೊಳೆದಿರುವುದಿಲ್ಲ.

3. ‘ಹೂಂ’ ಎಂಬ ಧ್ವನಿಯನ್ನು ಇದುವರೆಗೆ ಒಪ್ಪಿಗೆಯೆಂದು ದಾಖಲಿಸಲಾಗುತ್ತಿತ್ತು. ಕೇಳಿಸಿತು ಎಂಬ ಹೂಂ, ಕೇಳಿಸಲಿಲ್ಲ ಆದರೂ ಮುಗಿಸಿ ಎಂಬ ಹೂಂ, ಒಲೆಯ ಮೇಲೆ ಹಾಲಿದೆ ಎಂಬ ಹೂಂ, ನಿಮ್ಮಂಥವರನ್ನು ಬಹಳ ಜನರನ್ನು ನೋಡಿದ್ದೇನೆ ಎಂಬ ಹೂಂ ಎಂದು ನಾನಾ ಬಗೆಗಳಿರುವುದಾಗಿ ಕ್ಷೇತ್ರ ಶಾಖೆಯು ಟಿಪ್ಪಣಿ ಸಲ್ಲಿಸಿದೆ. ಪರಿಶೀಲಿಸಲಾಗಿ, ಇವುಗಳನ್ನು ಬೇರ್ಪಡಿಸಿದಲ್ಲಿ ಹಿಂದಿನ ವರ್ಷಗಳ ಎಲ್ಲ ಅಧ್ಯಯನಗಳನ್ನೂ ಹಿಂಪಡೆಯಬೇಕಾಗುತ್ತದೆ. ಆದ್ದರಿಂದ ಹೂಂ ಒಂದೇ.

4. ಗಾದೆಗಳಿಗೆ ಪೂರ್ವಾನುಮತಿ ಕಡ್ಡಾಯ. ಸಭೆಯಲ್ಲಿ ಹಿರಿಯರೊಬ್ಬರು ನಮ್ಮ ವರದಿಯನ್ನು ಕುರಿತು ‘ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ’ ಎಂದಿದ್ದು, ಅದನ್ನು ಅನುವಾದ ಶಾಖೆಯು ಪದಶಃ ಭಾಷಾಂತರಿಸಿದ ಕಾರಣ ಬೀದಿಯಲ್ಲಿ ಎತ್ತೊಂದು ಕರು ಹಾಕಿರುವುದಾಗಿ ಪಶುಸಂಗೋಪನೆ ಅಧ್ಯಾಯದಲ್ಲಿ ಸೇರ್ಪಡೆಯಾಗಿದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಇನ್ನೊಂದು ಅಭಿಪ್ರಾಯವು ಪೌಷ್ಟಿಕ ಆಹಾರದ ಅಧ್ಯಾಯಕ್ಕೆ ಹೋಗಿದ್ದು, ಸ್ಥಳೀಯರು ಮನೆಯಡುಗೆಯನ್ನೇ ಇಷ್ಟಪಡುತ್ತಾರೆ ಎಂಬುದಕ್ಕೆ ಪುರಾವೆಯಾಗಿ ಹೊರದೇಶದಲ್ಲಿ ಬಹುವಾಗಿ ಪ್ರಶಂಸಿಸಲ್ಪಟ್ಟಿದೆ. ಎರಡನ್ನೂ ಈಗ ತೆಗೆಯುವಂತಿಲ್ಲ.

5. ಉತ್ತರದಾತರು ಸಿಬ್ಬಂದಿಯನ್ನು ಅಕ್ಕ, ಅಣ್ಣ, ಚಿಕ್ಕಮ್ಮ ಇತ್ಯಾದಿಯಾಗಿ ಕರೆದಲ್ಲಿ ಸಂಶೋಧನೆಯ ನಿಷ್ಪಕ್ಷಪಾತತೆಗೆ ಧಕ್ಕೆಯುಂಟಾಗುತ್ತದೆ. ಹಾಗೆ ಕರೆಸಿಕೊಂಡ ಸಿಬ್ಬಂದಿ ಸಂಜೆಯೊಳಗೆ ಸಂಬಂಧವನ್ನು ಲಿಖಿತವಾಗಿ ನಿರಾಕರಿಸತಕ್ಕದ್ದು. ಪ್ರಧಾನ ಸಂಶೋಧಕರನ್ನು ಡಾಕ್ಟರು ಎಂದು ಪರಿಚಯಿಸಿದ್ದರಿಂದ ಬೀದಿಯ ಜನರು ಅವರಿಗೆ ಮಂಡಿ ತೋರಿಸಿ, ಕೆಮ್ಮಿ ತೋರಿಸಿ, ನಾಲಗೆ ಚಾಚಿದ್ದಾರೆ. ಅವರು ಆ ಡಾಕ್ಟರಲ್ಲ ಎಂಬುದನ್ನು ಯಾರೂ ವಿವರಿಸತಕ್ಕದ್ದಲ್ಲ. ವಿವರಿಸಿದಲ್ಲಿ ಮತ್ತೆ ಯಾವ ಡಾಕ್ಟರು ಎಂಬ ಪ್ರಶ್ನೆ ಉದ್ಭವಿಸುತ್ತದೆ.

6. ಭಾಷಾ ಸಹಾಯಕಿಯವರ ಬಾಯಿಯನ್ನು ಮುಂದಿನ ಆದೇಶದವರೆಗೆ ಅಮಾನತಿನಲ್ಲಿ ಇಡಲಾಗಿದೆ. ಉಳಿದ ಅಂಗಗಳು ಎಂದಿನಂತೆ ಬೆಳಿಗ್ಗೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಸದರಿಯವರ ಬದಲಿಗೆ ಚಾಲಕರಾಗಲೀ ಟೈಪಿಸ್ಟರಾಗಲೀ ಯಾರೂ ಅನುವಾದ ಮಾಡುವಂತಿಲ್ಲ. ಸ್ಥಳೀಯ ಭಾಷೆಯ ಎಲ್ಲ ಮಾತುಗಳೂ ಟಪಾಲಿನ ಮೂಲಕ ಅನುವಾದ ಶಾಖೆಗೇ ಹೋಗತಕ್ಕದ್ದು.

7. ಆಫೀಸಿನಲ್ಲಿರುವ ಮಕ್ಕಳ ಬಗ್ಗೆ: ವರದಿಯ ಪ್ರಕಾರ ಆರೈಕೆ ಪಡೆಯುವ ಮಕ್ಕಳ ಸಂಖ್ಯೆ ಶೂನ್ಯವಾಗಿರುವುದರಿಂದ ಈ ಮಕ್ಕಳು ಇರುವುದಿಲ್ಲ. ಸಿಬ್ಬಂದಿ ಅವರು ಇಲ್ಲದಂತೆ ನಡೆದುಕೊಳ್ಳತಕ್ಕದ್ದು, ಆದರೆ ತುಳಿಯತಕ್ಕದ್ದಲ್ಲ. ಇಲ್ಲದ ಮಕ್ಕಳು ಕಚೇರಿಯ ಮೊಹರನ್ನು ಗೋಡೆಗೆ, ಕುರ್ಚಿಗಳಿಗೆ ಹಾಗೂ ನಿದ್ರಿಸುತ್ತಿದ್ದ ಕಾವಲುಗಾರರ ಬೋಳುತಲೆಗೆ ಒತ್ತಿರುವುದನ್ನು ಗಮನಿಸಲಾಗಿದೆ. ಮೊಹರು ಬಿದ್ದಿರುವುದರಿಂದ ಕಾವಲುಗಾರರು ಈಗ ಅಧಿಕೃತ ದಾಖಲೆಯಾಗಿದ್ದು, ಅವರನ್ನು ಹೊರಗೆ ಕಳುಹಿಸುವಾಗ ಕಡತ ಶಾಖೆಯ ಒಪ್ಪಿಗೆ ಪಡೆಯತಕ್ಕದ್ದು.

ಈ ಸಂಬಂಧ ಸಹಿದಾರರ ಸೊಸೆಯವರು, ‘ಮಾವ, ಅಜ್ಜಿ ಮನೆ ಬೀಗದ ಕೈ ನಿಮ್ಮ ಡ್ರಾಯರ್‌ನಲ್ಲೇ ಇದೆಯಂತೆ. ಆಯ್ತು, ನಿಮ್ಮ ಮೊಮ್ಮಗನೂ ಇನ್ಮೇಲೆ ಆ ಡ್ರಾಯರ್ ಪಕ್ಕಾನೇ ಇರ್ಲಿ’ ಎಂದು ಹೇಳಿ, ಸದರಿ ಬಾಲಕನನ್ನು ಸಹಿದಾರರ ಸ್ಕೂಟರಿನ ಮೇಲೆ ಕೂರಿಸಿ ಡ್ಯೂಟಿಗೆ ತೆರಳಿರುತ್ತಾರೆ. ಅವನನ್ನೂ ಇಲ್ಲದವರ ಪಟ್ಟಿಗೆ ಸೇರಿಸಲಾಗಿದೆ. ಇದರಿಂದ ಸಹಿದಾರರ ಮನೆಯಲ್ಲಿ ಮಾತುಕತೆಯು ‘ಉಪ್ಪು ಬೇಕಾ, ಸಕ್ಕರೆ ಸಾಕಾ’ ಎಂಬ ಮಟ್ಟಕ್ಕೆ ಇಳಿದಿದೆ.

8. ಪ್ರಧಾನ ಸಂಶೋಧಕರ ಶೂ ಕುರಿತು: ಇಲ್ಲದ ಮಕ್ಕಳಲ್ಲೊಬ್ಬಳು ಪ್ರಧಾನ ಸಂಶೋಧಕರ ಪ್ಯಾಂಟು ಹಿಡಿದೆಳೆಯುತ್ತಾ ಒಂದೇ ಪದವನ್ನು ಪದೇಪದೇ ಹೇಳಿದಳು. ಮೌಖಿಕವಾಗಿ ಆಗಲೇ ಜಾರಿಯಲ್ಲಿದ್ದ ನಿಯಮ 6ರ ಮೇರೆಗೆ ಅಲ್ಲಿದ್ದ ಯಾರೂ ಅದನ್ನು ವಿವರಿಸಲಿಲ್ಲ. ಭಾಷಾ ಸಹಾಯಕಿಯವರು ಎದುರಿಗೇ ನಿಂತು ಎರಡೂ ಕೈಗಳಿಂದ ಸನ್ನೆ ಮಾಡಿದರಾದರೂ, ಕೈಗಳಿಗೆ ಅನುವಾದದ ಅಧಿಕಾರವನ್ನು ನೀಡಿರುವುದಿಲ್ಲ. ಪ್ರಧಾನ ಸಂಶೋಧಕರು ಪದವನ್ನು ಕೇಳಿದಂತೆ ಬರೆದುಕೊಂಡು ಅನುವಾದ ಶಾಖೆಗೆ ಕಳುಹಿಸಿದರು. ‘ಮೂತ್ರವಿಸರ್ಜನೆಯ ತುರ್ತು ಅಗತ್ಯದ ಮೌಖಿಕ ಅಭಿವ್ಯಕ್ತಿ’ ಎಂಬ ಉತ್ತರವು ಶಾಖಾಧಿಕಾರಿಗಳ ಸಹಿಯೊಂದಿಗೆ ತಲುಪುವ ವೇಳೆಗೆ ವಿಷಯವು ಶೂ ತಲುಪಿತ್ತು.

ಇನ್ನು ಮುಂದೆ ಶೂಗಳನ್ನು ಕಚೇರಿಯ ಹೊರಗೆ ಬಿಡತಕ್ಕದ್ದು.

9. ಮೇಲಿನ ಎಂಟು ನಿಯಮಗಳು ಟೈಪ್ ಆಗಿ ಸಹಿಗೆ ಬಂದಿದ್ದ ಸಮಯದಲ್ಲಿ ಕೆಲವು ಬೆಳವಣಿಗೆಗಳಾಗಿರುತ್ತವೆ. ಮತ್ತೆ ಮೊದಲಿನಿಂದ ಟೈಪ್ ಮಾಡಲು ಟೈಪಿಸ್ಟರು ಒಪ್ಪದ ಕಾರಣ ಅವುಗಳನ್ನು ಇಲ್ಲಿಯೇ ಸೇರಿಸಲಾಗಿದೆ.

ಶೂ ಪ್ರಕರಣದ ನಂತರ ಪ್ರಧಾನ ಸಂಶೋಧಕರು ಆ ಒಂದು ಪದವನ್ನು ಕಲಿತು, ಸಭಾಂಗಣದಲ್ಲಿ ಓಡಾಡುತ್ತಾ ಪ್ರತಿಯೊಂದು ಮಗುವಿನ ಮುಂದೆ ಬಗ್ಗಿ ‘ಉಚ್ಚೆ?’ ಎಂದು ಕೇಳತೊಡಗಿದರು. ಬಂದವರು ‘ಹೂಂ’ ಎಂದರು, ಬಾರದವರು ‘ಊಹೂಂ’ ಎಂದರು. ಈ ಕೇಂದ್ರವು ಸ್ಥಳೀಯ ಭಾಷೆಯಲ್ಲಿ ಕೇಳಿದ ಪ್ರಶ್ನೆಯೊಂದಕ್ಕೆ ಸರಿಯಾದ ಉತ್ತರ ಪಡೆದದ್ದು ಇದೇ ಪ್ರಥಮ. ಇದರಿಂದ ಉತ್ತೇಜಿತರಾದ ಅವರು, ಸಭೆಯಲ್ಲಿ ಎಲ್ಲರೂ ಕೂಗಾಡುವಾಗ ಮತ್ತೆ ಮತ್ತೆ ಕೇಳಿಸಿದ್ದ ಎರಡು ಪದಗಳನ್ನು ನೆನಪಿಸಿಕೊಂಡು, ಯಾವುದೇ ಅನುಮತಿಯಿಲ್ಲದೆ, ಹತ್ತಿರವಿದ್ದ ಹುಡುಗನೊಬ್ಬನನ್ನು ‘ಅಜ್ಜಿ ಮನೆ?’ ಎಂದು ಕೇಳಿದರು.

ಆ ಹುಡುಗನು ಅವರ ಬೆರಳು ಹಿಡಿದು ಮೆಟ್ಟಿಲಿಳಿದು ಹೊರಟನು. ಅವನು ಸಹಿದಾರರ ಮೊಮ್ಮಗನಾಗಿರುತ್ತಾನೆ. ಹಿಂದೆಯೇ ಹೋದ ಚಾಲಕರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

‘ಹುಡುಗ ಸೀದಾ ಹೋಗಿ ಬಾಗಿಲು ಬಡಿದ ಸಾರ್. “ಅಜ್ಜೀ, ಬಾಗಿಲು ತೆಗೀ, ನಾನು ಬಂದೆ” ಅಂದ. ಬೀಗ ಹಾಕಿದೆ ಅಂತ ಅವನಿಗೇನ್ ಗೊತ್ತು? ಮತ್ತೆ ಬಡಿದ, ಮತ್ತೆ ಕೂಗಿದ. ಡಾಕ್ಟ್ರು ನನ್ನ ಮುಖ ನೋಡಿದ್ರು. ನಂಗೆ ಅನುವಾದ ಮಾಡೋಕೆ ಪರ್ಮಿಷನ್ ಇಲ್ವಲ್ಲ, ನಾನು ಬೀಗದ ಕಡೆ ನೋಡ್ದೆ. ಆದ್ರೂ ಅವರಿಗೆ ಅರ್ಥ ಆಯ್ತು ಸಾರ್, ಕನ್ನಡಕ ತೆಗೆದು ಒರೆಸ್ಕೊಂಡ್ರು. ಅಜ್ಜಿ ಎದುರುಮನೆ ಮೆಟ್ಟಿಲ ಮೇಲೆ ಕೂತು ನೋಡ್ತಿದ್ರು. “ಬಾಗಿಲು ನನ್ ಕೈಲಿಲ್ಲ ಪುಟ್ಟಾ, ಬೀಗದ ಕೈ ನಿಮ್ ತಾತನ ಹತ್ರ ಇದೆ. ಹೋಗಿ ಇಸ್ಕೊಂಡ್ ಬಾ” ಅಂದ್ರು.’

ತದನಂತರ ಸದರಿ ಬಾಲಕನು ಆಫೀಸಿಗೆ ಮರಳಿ, ಸಹಿದಾರರ ಮೇಜಿನ ಮುಂದೆ ನಿಂತು ಅಂಗೈ ಚಾಚಿದನು. ಯಾವ ಭಾಷೆಯಲ್ಲಿಯೂ ಏನನ್ನೂ ಹೇಳಲಿಲ್ಲ. ಆದುದರಿಂದ ಇದು ಮೇಲ್ಕಂಡ ಯಾವ ನಿಯಮದ ಉಲ್ಲಂಘನೆಯೂ ಆಗಿರುವುದಿಲ್ಲ. ಸಹಿದಾರರು ಸೇವೆಗೆ ಸೇರಿದಾಗಿನಿಂದ ಬಗೆಬಗೆಯ ಮನವಿಗಳನ್ನು ತಿರಸ್ಕರಿಸಿದ್ದು, ಅವೆಲ್ಲವೂ ಬರವಣಿಗೆಯಲ್ಲಿದ್ದವು. ಚಾಚಿದ ಅಂಗೈಗೆ ಯಾವ ಕಾರಣ ಕೊಟ್ಟು ಇಲ್ಲವೆನ್ನಬೇಕೆಂಬುದು ಕೈಪಿಡಿಯಲ್ಲಿ ಸಿಗಲಿಲ್ಲ. ಸಹಿದಾರರಿಗೆ ಬಹಳ ನಾಚಿಕೆಯಾಯಿತು. ಈ ವಾಕ್ಯವನ್ನು ಟೈಪ್ ಮಾಡಬಾರದೆಂದು ಟೈಪಿಸ್ಟರಿಗೆ ಸ್ಪಷ್ಟವಾಗಿ ತಿಳಿಸಲಾಗಿತ್ತು.

10. ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಆದೇಶಿಸಲಾಗಿದೆ. ವರದಿಯು ಈಗಾಗಲೇ ಮುದ್ರಣಗೊಂಡು ಹೊರದೇಶದ ಕಪಾಟುಗಳನ್ನು ಸೇರಿರುವುದರಿಂದ ಅದರೊಳಗೆ ಆರೈಕೆ ಕೇಂದ್ರವು ಮುಚ್ಚಿದಂತೆಯೇ ಇರುತ್ತದೆ. ಬೀದಿಯಲ್ಲಿ ಮಾತ್ರ ತೆರೆದಿರತಕ್ಕದ್ದು. ವರದಿಯನ್ನು ಓದಿದವರು ಬೀದಿಗೆ ಬರುವ, ಬೀದಿಯವರು ವರದಿ ಓದುವ ಪದ್ಧತಿ ಇಲ್ಲದಿರುವುದರಿಂದ ಯಾವುದೇ ಗೊಂದಲವಾಗದು. ನೆರವು ನಿಲ್ಲದಂತೆ ನೋಡಿಕೊಳ್ಳುವುದು ತಮ್ಮ ಹೊಣೆಯೆಂದು ಪ್ರಧಾನ ಸಂಶೋಧಕರು ದಾನಿ ಸಂಸ್ಥೆಗೆ ಫೋನಿನಲ್ಲಿ ಕೂಗಾಡಿ ತಿಳಿಸಿದ್ದಾರೆ. ಆ ಕೂಗಾಟಕ್ಕೆ ಅನುವಾದದ ಅಗತ್ಯ ಬೀಳಲಿಲ್ಲ.

ಭಾಷಾ ಸಹಾಯಕಿಯವರ ಬಾಯಿಯನ್ನು ಹಿಂದಿನ ಸೇವಾ ಸೌಲಭ್ಯಗಳೊಂದಿಗೆ ಕರ್ತವ್ಯಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ. ಈ ಸುತ್ತೋಲೆಯ ಕರಡನ್ನು ಒಂದಕ್ಷರವೂ ಬಿಡದಂತೆ ಸ್ಥಳೀಯ ಭಾಷೆಗೆ ಅನುವಾದಿಸಿ ಬೀದಿಯಲ್ಲಿ ಓದಿ ಹೇಳುವಂತೆ ಸದರಿಯವರಿಗೆ ಸೂಚಿಸಲಾಗಿತ್ತು. ಸದರಿಯವರು ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನೆದುರು ನಿಂತು ಓದಿದ ಪೂರ್ಣ ಪಾಠ ಇಂತಿದೆ: ‘ಅಜ್ಜಿ ಮನೆ ತೆಗೀತಾರೆ ಕಣ್ರೇ, ನಾಳೆಯಿಂದ ಮಕ್ಕಳನ್ನ ಅಲ್ಲೇ ಬಿಡಿ.’

ಅನುವಾದ ಶಾಖೆಯು ಇದನ್ನು ಮೂಲದೊಂದಿಗೆ ಹೋಲಿಸಿ ನೋಡಿದ್ದು, ಏನೂ ಬಿಟ್ಟುಹೋಗಿರುವುದಿಲ್ಲ ಎಂದು ದೃಢೀಕರಿಸಿದೆ.

ಸಹಿ/-
ಆಡಳಿತಾಧಿಕಾರಿ
(ಹಾಗೂ ಒಬ್ಬನ ತಾತ)

ಪ್ರತಿಗಳು:
– ದಾನಿ ಸಂಸ್ಥೆಗೆ, ಸ್ಥಳೀಯ ಭಾಷೆಯಲ್ಲಿ ಮಾತ್ರ, ಗೌರವಪೂರ್ವಕವಾಗಿ.
– ಅನುವಾದ ಶಾಖೆಯ ಶಾಖಾಧಿಕಾರಿಗಳಿಗೆ, ಒಮ್ಮೆ ಜೋರಾಗಿ ಓದಿ ತಮಗೇ ಅರ್ಥವಾಗುತ್ತದೆಯೇ ಎಂದು ವರದಿ ಮಾಡಲು.
– ಪ್ರಧಾನ ಸಂಶೋಧಕರಿಗೆ, ಒಣಗಿದ ಶೂ ಸಹಿತ.
– ಕಾವಲುಗಾರರ ತಲೆಗೆ, ಕಚೇರಿ ಪ್ರತಿಯಾಗಿ ಕಾಯ್ದಿರಿಸಲು.
– ಸಹಿದಾರರ ಸೊಸೆಯವರಿಗೆ, ಅವಗಾಹನೆಗಾಗಿ. ರಾತ್ರಿಯ ಊಟದೊಳಗೆ ತಲುಪುವಂತೆ.
– ಅಜ್ಜಿಯವರಿಗೆ: ಕಾಗದ ಬೇಡವೆಂದು ತಿಳಿಸಿದ್ದಾರೆ. ಕೀಲಿಕೈಯನ್ನು ಮೊಮ್ಮಗನ ಕೈಯಲ್ಲಿ ಕಳುಹಿಸಲಾಗಿದೆ.